ಹೊಣೆ ಎಲ್ಲರದು, ಹೊರೆ ಹೆಗಲಿಗೆ ತಕ್ಕಷ್ಟು

ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಎರಡು ದೇಶಗಳನ್ನು ಹುಟ್ಟಿಸಿ, ಅವುಗಳ ನಡುವೆ ಜಗಳ ತಂದಿಟ್ಟು, ಆ ಜಗಳವನ್ನು ಜಯನಗರದ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಕನ್ನಡದಲ್ಲಿ ವಾದಿಸಿದೆವು. ಒಂದು ದೇಶದ ಪರವಾಗಿ ನಾನು, ಇನ್ನೊಂದರ ಪರವಾಗಿ ಅವಳು. ಆಮೇಲೆ ಎಷ್ಟೋ ನಿಜವಾದ ನ್ಯಾಯಾಲಯಗಳಲ್ಲಿ ನಿಂತಿದ್ದೇನೆ. ಎದೆ ಅಷ್ಟು ಜೋರಾಗಿ ಹೊಡೆದುಕೊಂಡದ್ದು ಮಾತ್ರ ಮತ್ತೆಂದೂ ಇಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಮ್ಮ ಮನೆ ಹನುಮಂತನಗರದಲ್ಲಿ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಗೆಳತಿ ವಿಜಾಪುರದ ಕಡೆಯವಳು. ಬಿಟಿಎಂ ಲೇಔಟಿನಲ್ಲಿ ಮಹಡಿಯ ಮೇಲೊಂದು ರೂಮು ಮಾಡಿಕೊಂಡು, ಬೆಳಿಗ್ಗೆ ಕಾಲೇಜಿಗೆ ಬಂದು, ಮಧ್ಯಾಹ್ನದ ಮೇಲೆ ಮಡಿವಾಳದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರ ಗುಂಪಿಗೆ ಸೇರಿದವಳು. ನಮ್ಮ ಕ್ಲಾಸಿನಲ್ಲಿ ಆ ಗುಂಪು ಸಣ್ಣದೇನಲ್ಲ, ಆದರೆ ಹಿಂದಿನ ಬೆಂಚುಗಳಲ್ಲಿ ಸದ್ದಿಲ್ಲದೆ ಕೂರುತ್ತಿತ್ತು. ಅಣಕು ನ್ಯಾಯಾಲಯದ ಸ್ಪರ್ಧೆ ನಡೆಯುವ ದಿನ ಅವರು ಸಭಾಂಗಣದ ಹತ್ತಿರ ಸುಳಿಯುತ್ತಿರಲಿಲ್ಲ. ಅಲ್ಲಿ ನಡೆಯುವುದೆಲ್ಲ ಇಂಗ್ಲಿಷ್. ಕಪ್ಪು ಕೋಟು ಹಾಕಿಕೊಂಡು "ಮೇ ಇಟ್ ಪ್ಲೀಸ್ ಯುವರ್ ಲಾರ್ಡ್‌ಶಿಪ್ಸ್" ಎಂದು ಶುರುಮಾಡುವವರಲ್ಲಿ ನಾನೂ ಒಬ್ಬಳು.

ಆ ವರ್ಷ ನಮಗೆ ಪರಿಸರ ಮತ್ತು ವ್ಯಾಪಾರದ ಅಂತರರಾಷ್ಟ್ರೀಯ ಕಾನೂನು ಎಂಬ ಹೊಸ ಪೇಪರ್ ಬಂತು. ಪಾಠ ಮಾಡುತ್ತಿದ್ದ ಮೇಡಂಗೆ ಅದರ ಮೇಲೆ ವಿಪರೀತ ಪ್ರೀತಿ. ಸೀಮೆಸುಣ್ಣ ಹಿಡಿದು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಓಡಾಡುತ್ತಾ, ಭೂಮಿ ಬಿಸಿಯಾಗುವುದರಿಂದ ಹಿಡಿದು ಸೀಮೆಯಾಚೆಯ ಬಾಳೆಹಣ್ಣಿನ ಸುಂಕದವರೆಗೂ ಒಂದೇ ಉಸಿರಿಗೆ ಹೇಳುವವರು. ಈ ವಿಷಯಕ್ಕೆ ಕನ್ನಡದಲ್ಲಿ ಪುಸ್ತಕ ನಮಗೆ ಸಿಕ್ಕಿರಲಿಲ್ಲ. ಹಿಂದಿನ ಬೆಂಚಿನವರು ಇಂಗ್ಲಿಷ್ ಪದಗಳನ್ನೇ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು.

ಒಂದು ದಿನ ಮೇಡಂ ಬೋರ್ಡಿನ ಮೇಲೆ 'ಪ್ರಿಕಾಷನರಿ ಪ್ರಿನ್ಸಿಪಲ್' ಎಂದು ಬರೆದರು. ಹಾನಿ ಗಂಭೀರವಾಗಿದ್ದು, ಒಮ್ಮೆ ಆದರೆ ಸರಿಪಡಿಸಲಾಗದಂತಿದ್ದರೆ, ವಿಜ್ಞಾನಿಗಳು ಪೂರ್ತಿ ಸಾಬೀತು ಮಾಡುವವರೆಗೆ ಸರ್ಕಾರ ಕೈಕಟ್ಟಿ ಕೂರಬೇಕಿಲ್ಲ ಎಂದು ವಿವರಿಸಿದರು. ಗೆಳತಿ ಎದ್ದು ನಿಂತಳು.

"ಮೇಡಂ, ಇದಕ್ಕ ಕನ್ನಡದಾಗ ಏನಂತಾರ್ರಿ?"

ಕ್ಲಾಸಿನಲ್ಲಿ ಕೆಲವರು ನಕ್ಕರು. ಮೇಡಂ ನಗಲಿಲ್ಲ. ಬೋರ್ಡನ್ನು ನೋಡಿದರು, ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸಿದರು.

"ಗೊತ್ತಿಲ್ಲ ಕಣಮ್ಮ. ಯೋಚನೆ ಮಾಡಿಲ್ಲ. ನೀವೇ ಹುಡುಕಿ, ನನಗೂ ಹೇಳಿ."

ಕ್ಲಾಸು ಮುಗಿದ ಮೇಲೆ ನಾನು ಅವಳನ್ನು ಮೆಟ್ಟಿಲ ಹತ್ತಿರ ಹಿಡಿದೆ. ಅದಕ್ಕೆ ಮುಂಚೆ ನಾವಿಬ್ಬರೂ ನಾಲ್ಕು ಮಾತಿಗಿಂತ ಹೆಚ್ಚು ಆಡಿದವರಲ್ಲ.

"ಮುನ್ನೆಚ್ಚರಿಕೆ ತತ್ವ ಅಂದ್ರೆ ಆಗಲ್ವಾ?"

"ಆಗ್ತದ. ಆದ್ರ ಅದು ಲೈಟ್ ಕಂಬಕ್ಕ ಹಚ್ಚಿದ ಬೋರ್ಡಿನಂಗ ಕೇಳ್ತದ. ಎಚ್ಚರಿಕಿ, ಅಪಾಯ, ಅಂತ." ಸ್ವಲ್ಪ ಯೋಚಿಸಿ ಹೇಳಿದಳು. "ಇರ್ಲಿ, ಸದ್ಯಕ್ಕ ಅದ ಇರ್ಲಿ. ಉಳಿದವು ಭಾಳ ಅದಾವ. ಭಾನುವಾರ ನಮ್ಮ ರೂಮಿಗೆ ಬರ್ತಿ ಏನ?"

ಹೋದೆ. ಆಮೇಲೆ ಎಷ್ಟು ಭಾನುವಾರ ಹೋದೆನೋ ಲೆಕ್ಕವಿಲ್ಲ.

ಅವಳ ರೂಮಿನ ಮುಂದೆ ತೆರೆದ ತಾರಸಿ, ತಾರಸಿಯ ಮೂಲೆಯಲ್ಲಿ ಸಿಮೆಂಟಿನ ನೀರಿನ ಟ್ಯಾಂಕು. ಆ ಟ್ಯಾಂಕಿನ ಗೋಡೆಯೇ ನಮ್ಮ ಬೋರ್ಡು. ಒಂದು ತತ್ವವನ್ನು ಬರೆಯುವುದು, ಅದರ ಸುತ್ತ ಜಗಳವಾಡುವುದು, ಒರೆಸುವುದು, ಮತ್ತೆ ಬರೆಯುವುದು. ಊರಿಂದ ಬಂದ ಗರಿಗರಿ ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿ ನಡುವೆ ಇರುತ್ತಿತ್ತು.

ಮಾಲಿನ್ಯ ಮಾಡಿದವನೇ ಅದರ ಖರ್ಚು ಭರಿಸಬೇಕು ಎಂಬ ತತ್ವ ಸುಲಭವಾಗಿ ಬಂತು: ಕೆಡಿಸಿದವನೇ ತೆರಲಿ. ಒಂದು ದೇಶ ತನ್ನ ನೆಲದಲ್ಲಿ ಮಾಡುವ ಕೆಲಸದಿಂದ ಪಕ್ಕದ ದೇಶಕ್ಕೆ ಹಾನಿಯಾಗಬಾರದು ಎಂಬುದಕ್ಕೆ ನಾನು, ನಿನ್ನ ಬಚ್ಚಲ ನೀರು ನೆರೆಯವರ ಅಂಗಳಕ್ಕೆ ಹರಿಯದಿರಲಿ ಎಂದು ಬರೆದೆ. ಈ ಮಣ್ಣು, ನೀರು ನಮ್ಮೊಬ್ಬರದ್ದಲ್ಲ, ಇನ್ನೂ ಹುಟ್ಟದವರದ್ದೂ ಹೌದು ಎಂಬುದಕ್ಕೆ 'ಹುಟ್ಟದವರ ಪಾಲು' ಎಂದಳು ಅವಳು. ಎರಡು ಪದ, ಮುಗಿಯಿತು. ನನಗೆ ಮೈ ಜುಮ್ಮೆಂದಿತು. ಇಂಗ್ಲಿಷಿನಲ್ಲಿ ಅದನ್ನೇ ಹತ್ತಾರು ಸಲ ಓದಿದ್ದೆ, ಉತ್ತರ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅದು ಪಾಲಿನ ಮಾತು, ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರು ಆಡುವ ಮಾತು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ವ್ಯಾಪಾರದ ಕಾನೂನಿನಲ್ಲಿ ಒಂದು ಮೂಲ ನಿಯಮವಿದೆ. ಒಂದು ದೇಶದ ಸರಕಿಗೆ ಕೊಟ್ಟ ಸವಲತ್ತನ್ನು ಉಳಿದ ಸದಸ್ಯ ದೇಶಗಳ ಸರಕಿಗೂ ಕೊಡಬೇಕು. ಹೊರಗಿನ ಸರಕು ಒಳಗೆ ಬಂದ ಮೇಲೆ ಅದನ್ನು ಮನೆಯ ಸರಕಿಗಿಂತ ಕೀಳಾಗಿ ಕಾಣಬಾರದು. ಇದಕ್ಕೆ ನಾನು 'ತಾರತಮ್ಯರಾಹಿತ್ಯ' ಎಂದು ಬರೆದಿದ್ದೆ. ಅವಳು ಸೀಮೆಸುಣ್ಣ ಕಿತ್ತುಕೊಂಡು ಅದನ್ನು ಹೊಡೆದುಹಾಕಿ ಒಂದೇ ಪದ ಬರೆದಳು. ಪಂಕ್ತಿಭೇದ.

"ಅದು ಊಟದ ವಿಷಯ ಅಲ್ವಾ?" ಎಂದೆ.

"ಹೌದು. ಒಂದು ಸಾಲಿಗೆ ಹೋಳಿಗಿ ತುಪ್ಪ, ಇನ್ನೊಂದು ಸಾಲಿಗೆ ಬರೇ ಅನ್ನ ಸಾರು. ಅದನ್ನ ದೇಶ-ದೇಶಕ್ಕ ಮಾಡಬ್ಯಾಡ ಅಂತ ಕಾನೂನು ಹೇಳಾಕತ್ತದ. ನೀ ಬರದಿದ್ದ ಪದ ಯಾರಿಗೂ ಸಿಟ್ಟು ತರಂಗಿಲ್ಲ. ಇದು ತರ್ತದ."

ಅಷ್ಟು ಹೊತ್ತಿಗೆ ಮನೆಯ ಓನರ್ ಅಂಕಲ್ ಮೇಲೆ ಬಂದರು. ಆ ಭಾಗದ ಹಳೆಯ ಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆದ ಮೇಲೆ ಉಳಿದ ತುಂಡಿನಲ್ಲಿ ಮೂರು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರು. ಟ್ಯಾಂಕಿನ ಮೇಲಿನ ಬರಹವನ್ನು ನಿಧಾನವಾಗಿ ಓದಿದರು. ಗೋಡೆ ಕೆಡಿಸಿದ್ದಕ್ಕೆ ಬೈಯುತ್ತಾರೆಂದುಕೊಂಡೆವು.

"ಏನಮ್ಮಾ ಇದು, ನಾಟಕನಾ?"

"ಅಲ್ಲರಿ ಅಂಕಲ್, ಕಾನೂನು," ಎಂದಳು ಅವಳು.

"ಕಾನೂನು ಇಷ್ಟು ಚೆನ್ನಾಗಿ ಅರ್ಥ ಆಗುತ್ತಾ?" ಎಂದು ಇನ್ನೊಮ್ಮೆ ಓದಿ, ಒಗೆದ ಬಟ್ಟೆ ತೆಗೆದುಕೊಂಡು ಇಳಿದು ಹೋದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಯೋಚನೆ ಯಾರಿಗೆ ಮೊದಲು ಬಂತು ಎಂದು ಇವತ್ತಿಗೂ ನಮ್ಮಲ್ಲಿ ತಕರಾರಿದೆ. ನಾನೇ ಮೊದಲು ಬಾಯಿಬಿಟ್ಟದ್ದು ಎಂದು ನನ್ನ ನೆನಪು. ಈ ತತ್ವಗಳ ಮೇಲೆಯೇ ಕನ್ನಡದಲ್ಲಿ ಒಂದು ಅಣಕು ನ್ಯಾಯಾಲಯ ಮಾಡಿದರೆ?

ಮರುದಿನ ಮೇಡಂ ಹತ್ತಿರ ಹೋದೆವು. ಅವರು ಕೇಳಿ ಮುಗಿಸುವ ಮೊದಲೇ ಕುರ್ಚಿಯಿಂದ ಎದ್ದಿದ್ದರು. ನಮ್ಮನ್ನು ಕರೆದುಕೊಂಡು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ನಡೆದರು. ಪ್ರಿನ್ಸಿಪಾಲರಿಗೆ ಅಷ್ಟು ಉತ್ಸಾಹವಿರಲಿಲ್ಲ.

"ಬಾಡಿಗೆ ಕೇಸು, ಜಮೀನು ಕೇಸು ಕನ್ನಡದಲ್ಲಿ ಮಾಡಿ, ಒಪ್ತೀನಿ. ಇಂಟರ್‌ನ್ಯಾಷನಲ್ ಲಾ ಕನ್ನಡದಲ್ಲಾ? ಅಣಕು ನ್ಯಾಯಾಲಯ ಹೋಗಿ ಬರೀ ಅಣಕ ಆಗ್ಬಾರದು, ನೋಡಿ."

"ಹಾಗೇನಾದ್ರೂ ಆದ್ರೆ ನನ್ನ ಜವಾಬ್ದಾರಿ ಸಾರ್," ಎಂದರು ಮೇಡಂ.

ಅನುಮತಿ ಸಿಕ್ಕಿತು. ಜಯನಗರದಲ್ಲೇ ಇದ್ದ ಒಬ್ಬ ನಿವೃತ್ತ ಜಿಲ್ಲಾ ನ್ಯಾಯಾಧೀಶರನ್ನು ಪೀಠಕ್ಕೆ ಒಪ್ಪಿಸಿದವರೂ ಮೇಡಂ ಅವರೇ. ಜೊತೆಗೆ ಒಬ್ಬ ಹಿರಿಯ ವಕೀಲರು, ಮೂರನೆಯವರಾಗಿ ಮೇಡಂ.

ಈಗ ಕೇಸು ಬೇಕಿತ್ತು. ನಾವು ಕಟ್ಟಿದ ಕತೆ ಹೀಗಿತ್ತು: ಬಿಸಿಲುನಾಡು ಎಂಬ ಬಡ ದೇಶ ಬಣ್ಣದ ಬಟ್ಟೆ ನೇಯ್ದು ಸಿರಿನಾಡು ಎಂಬ ಶ್ರೀಮಂತ ದೇಶಕ್ಕೆ ಮಾರುತ್ತದೆ. ಆ ಬಣ್ಣದಲ್ಲಿರುವ ಒಂದು ರಾಸಾಯನಿಕ ಬಟ್ಟೆ ಒಗೆದಾಗ ನೀರಿಗೆ ಸೇರಿ ವಿಷವಾಗಬಹುದು ಎಂಬ ಅನುಮಾನ ಹುಟ್ಟುತ್ತದೆ, ಸಾಬೀತಾಗಿಲ್ಲ. ಸಿರಿನಾಡು ಆ ಬಟ್ಟೆಯ ಆಮದನ್ನು ನಿಲ್ಲಿಸುತ್ತದೆ. ಆದರೆ ಅದೇ ಬಣ್ಣ ಬಳಸುವ ತನ್ನ ಸ್ವಂತ ಗಿರಣಿಗಳಿಗೆ ಬದಲಾಗಲು ಕೆಲವು ವರ್ಷದ ಅವಕಾಶ ಕೊಡುತ್ತದೆ. ಬಿಸಿಲುನಾಡು ನ್ಯಾಯ ಕೇಳುತ್ತದೆ. ಚೀಟಿ ಎತ್ತಿದೆವು. ಸಿರಿನಾಡು ನನ್ನ ಪಾಲಿಗೆ ಬಂತು.

ಆ ದಿನದಿಂದ ತಾರಸಿಯ ಮೇಲೆ ನಾವು ಎದುರಾಳಿಗಳು. ಪದಗಳನ್ನು ಮಾತ್ರ ಒಟ್ಟಿಗೆ ಹುಡುಕುವುದು, ವಾದವನ್ನು ಒಬ್ಬರಿಗೊಬ್ಬರು ಹೇಳುವಂತಿಲ್ಲ ಎಂದು ಒಪ್ಪಂದ. ಕೊನೆಯವರೆಗೂ ಪಟ್ಟು ಬಿಡದ ತತ್ವ ಒಂದೇ. ಭೂಮಿಯನ್ನು ಕಾಪಾಡುವ ಹೊಣೆ ಎಲ್ಲ ದೇಶಗಳದ್ದು, ಆದರೆ ಹೆಚ್ಚು ಕೆಡಿಸಿದವರೂ ಹೆಚ್ಚು ಉಳ್ಳವರೂ ಹೆಚ್ಚು ಹೊರಬೇಕು ಎನ್ನುವ ತತ್ವ. 'ಸಮಾನ ಆದರೆ ವಿಭಿನ್ನ ಜವಾಬ್ದಾರಿಗಳು' ಎಂದು ಅನುವಾದಿಸಿ ನಾವಿಬ್ಬರೂ ಮುಖ ಸಿಂಡರಿಸಿದೆವು. ಸಮಾನವಾದದ್ದು ವಿಭಿನ್ನ ಹೇಗಾಗುತ್ತದೆ?

ಕಾರ್ಯಕ್ರಮದ ಹಿಂದಿನ ವಾರ ನಾವು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಕೇಸಿನ ಪ್ರತಿ ಹೊಡೆಸಲು ಕೂತಿದ್ದೆವು. ಹೊರಗೆ ಮಾರುಕಟ್ಟೆಯಿಂದ ತರಕಾರಿ ಚೀಲ ಹೊತ್ತ ಒಂದು ಕುಟುಂಬ ಹೋಗುತ್ತಿತ್ತು. ಅಪ್ಪನ ಹೆಗಲಿಗೆ ದೊಡ್ಡ ಚೀಲ, ಅಮ್ಮನ ಕೈಯಲ್ಲಿ ಬುಟ್ಟಿ, ಪುಟ್ಟ ಹುಡುಗಿಯ ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ. ಗೆಳತಿ ಅವರನ್ನೇ ನೋಡುತ್ತಿದ್ದವಳು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಹೊಣಿ ಎಲ್ಲಾರದು. ಹೊರಿ ಹೆಗಲಿಗೆ ತಕ್ಕಷ್ಟು."

ನಾನು ಅದನ್ನು ಬರಹದ ಕನ್ನಡಕ್ಕೆ ತಿರುಗಿಸಿ ಮೆಲ್ಲಗೆ ಹೇಳಿಕೊಂಡೆ. ಹೊಣೆ, ಹೊರೆ. ಒಂದೇ ಅಕ್ಷರದ ವ್ಯತ್ಯಾಸ. ಟೈಪ್ ಮಾಡುತ್ತಿದ್ದ ಅಣ್ಣನಿಗೆ ನಿಲ್ಲಿಸಲು ಹೇಳಿ, ಹಳೆಯ ಸಾಲನ್ನು ತೆಗೆಸಿ ಇದನ್ನು ಹಾಕಿಸಿದೆವು. ಹೊರಗೆ ಬಂದ ಮೇಲೆ ನಿಂತಲ್ಲಿ ನಿಲ್ಲಲಾಗದೆ ನಾನು ಅವಳನ್ನು ಕಾಂಪ್ಲೆಕ್ಸಿನ ಸುತ್ತ ಸುಮ್ಮನೆ ನಡೆಸಿದೆ. ಏನೋ ಗೆದ್ದವರ ಹಾಗೆ ಇಬ್ಬರೂ ನಗುತ್ತಿದ್ದೆವು. ಈ ವಾದ ನನ್ನ ವಿರುದ್ಧವೇ ಬಳಕೆಯಾಗುತ್ತದೆ ಎಂಬುದು ನನಗೆ ನೆನಪಾದದ್ದು ಮನೆಗೆ ಹೋಗುವ ಬಸ್ಸು ಹತ್ತಿದ ಮೇಲೆ.

ಕಾರ್ಯಕ್ರಮವಿದ್ದ ಶನಿವಾರ ಸಭಾಂಗಣಕ್ಕೆ ಕಾಲಿಟ್ಟಾಗ ಇಬ್ಬರೂ ದಂಗಾದೆವು. ಕುರ್ಚಿಗಳೆಲ್ಲ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಹಿಂದಿನ ಬೆಂಚಿನವರು ಅವತ್ತು ಮುಂದಿನ ಸಾಲಿನಲ್ಲಿ. ಅವರ ನಡುವೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಓನರ್ ಅಂಕಲ್, ಪಕ್ಕದಲ್ಲಿ ರೇಷ್ಮೆ ಸೀರೆಯಲ್ಲಿ ಆಂಟಿ.

ನಿಷೇಧ ಹೇರಿದ ಸಿರಿನಾಡೇ ಮೊದಲು ಕಾರಣ ಹೇಳಲಿ ಎಂದು ಪೀಠ ತೀರ್ಮಾನಿಸಿದ್ದರಿಂದ ನಾನು ಮೊದಲು ಮಾತಾಡಬೇಕಿತ್ತು. "ಘನ ಪೀಠಕ್ಕೆ ಒಪ್ಪಿಗೆಯಾಗುವುದಾದರೆ" ಎಂದು ಶುರುಮಾಡಿದೆ. ಇಂಗ್ಲಿಷಿನಲ್ಲಾದರೆ ಸಿದ್ಧ ವಾಕ್ಯಗಳು ತಾವಾಗಿ ಬರುತ್ತಿದ್ದವು. ಇಲ್ಲಿ ಒಂದೊಂದು ಮಾತನ್ನೂ ಅರ್ಥ ಮಾಡಿಕೊಂಡೇ ಆಡಬೇಕಿತ್ತು. ಮುನ್ನೆಚ್ಚರಿಕೆಯ ತತ್ವವನ್ನು ಹೇಳಿದೆ. ನಿವೃತ್ತ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು.

"ಅನುಮಾನ ಅಂದ್ರಿ. ಎಷ್ಟು ಅನುಮಾನ ಸಾಕಮ್ಮ? ನನಗೆ ದಿನಾ ಎಲ್ಲದರ ಮೇಲೂ ಅನುಮಾನ ಇರುತ್ತೆ."

ಸಭೆ ನಕ್ಕಿತು. ನನಗೆ ಎಲ್ಲಿಂದಲೋ ಧೈರ್ಯ ಬಂತು.

"ಹಾಲು ಕೆಟ್ಟಿದೆ ಅಂತ ವಾಸನೆಯಲ್ಲೇ ಸಂಶಯ ಬಂದರೆ, ಸ್ವಾಮಿ, ತಾಯಿ ಅದನ್ನು ಮಗುವಿಗೆ ಕುಡಿಸಿ ಪರೀಕ್ಷೆ ಮಾಡುವುದಿಲ್ಲ. ವಾಸನೆ ಬಂದಿರಬೇಕು, ಅಂದರೆ ಸಂಶಯಕ್ಕೆ ಆಧಾರ ಇರಬೇಕು. ಅಷ್ಟಿದ್ದರೆ ಸಾಕು, ಹಾಲನ್ನು ಚೆಲ್ಲುವುದೇ ವಿವೇಕ. ಸಿರಿನಾಡು ಮಾಡಿರುವುದು ಅಷ್ಟೇ."

ಹಿರಿಯ ವಕೀಲರು ತಲೆಯಾಡಿಸಿ ಏನೋ ಗುರುತು ಹಾಕಿಕೊಂಡರು. ಮೇಡಂ ಮುಖ ಬಿಗಿಹಿಡಿದುಕೊಂಡಿದ್ದರೂ ಅವರ ಕಣ್ಣು ಹೊಳೆಯುತ್ತಿತ್ತು. ಕೂತಾಗ ಕೇಸು ಗೆದ್ದೆ ಅಂತಲೇ ಅಂದುಕೊಂಡೆ.

ಗೆಳತಿ ಎದ್ದಳು. ಬರೆದು ತಂದಿದ್ದ ಗ್ರಂಥಸ್ಥ ಕನ್ನಡದಲ್ಲಿ ಎರಡು ಪ್ಯಾರಾ ಓದಿದಳು. ಸರಿಯಾಗಿಯೇ ಇತ್ತು, ಆದರೆ ಜೀವವಿರಲಿಲ್ಲ. ಆಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಎದುರು ಪಕ್ಷದ ವಕೀಲರು ಹಾಲಿನ ಮಾತು ಹೇಳಿದ್ರು. ಭಾಳ ಚಲೋ ಮಾತು, ನಾ ಒಪ್ಪತೀನಿ. ಹಂಗಾದ್ರ ಒಂದು ಕೇಳ್ತೀನ್ರಿ. ವಾಸನಿ ಬಂದ ಮ್ಯಾಲೆ ನಮ್ಮ ಮನಿಯಿಂದ ಬಂದ ಹಾಲು ಚೆಲ್ಲಿದ್ರು. ಅದೇ ವಾಸನಿ ಇರೋ ತಮ್ಮ ಮನಿ ಹಾಲು ಮಾತ್ರ ಇನ್ನೂ ಕೆಲವು ವರ್ಷ ಅದೇ ಕೂಸಿಗೆ ಕುಡಸ್ತಾರಂತ. ಇವರು ಕಾಳಜಿ ಮಾಡಾಕತ್ತಿದ್ದು ಕೂಸಿಂದೋ, ತಮ್ಮ ಹಾಲಿನ ವ್ಯಾಪಾರದ್ದೋ?"

ಎದ್ದ ಚಪ್ಪಾಳೆಗೆ ಪ್ರಿನ್ಸಿಪಾಲರು ಎದ್ದು ಕೈ ಎತ್ತಿ ಸುಮ್ಮನಿರಿಸಬೇಕಾಯಿತು. ನಾನು ಕೂಡ ಚಪ್ಪಾಳೆ ಹೊಡೆಯುತ್ತಿದ್ದೆ. ಎದುರಾಳಿ ಹಾಗೆ ಮಾಡಬಾರದು ಎಂದು ಪಕ್ಕದವರು ಕೈ ಹಿಡಿದಾಗಲೇ ಗೊತ್ತಾದದ್ದು. ನನ್ನದೇ ಉದಾಹರಣೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನನಗೇ ತಿರುಗಿಸಿದ್ದಳು, ಅದೂ ಅಲ್ಲೇ ನಿಂತ ನಿಲುವಿನಲ್ಲಿ. ಸೋಲಿನ ಬೇಸರ ಎಲ್ಲೂ ಇರಲಿಲ್ಲ. ಕ್ರಿಕೆಟ್ಟಿನಲ್ಲಿ ಅದ್ಭುತವಾದ ಏಟೊಂದು ತನ್ನ ತಲೆಯ ಮೇಲಿಂದಲೇ ಬೌಂಡರಿಗೆ ಹೋದಾಗ ಬೌಲರನೂ ಬಾಯಿ ತೆರೆದು ನೋಡುತ್ತಾನಲ್ಲ, ಹಾಗೆ ನೋಡುತ್ತಿದ್ದೆ.

ಆಮೇಲೆ ಅವಳು ನಿಲ್ಲಲಿಲ್ಲ. ಪರಿಸರದ ಹೆಸರಿನ ಮುಸುಕು ಹಾಕಿಕೊಂಡು ವ್ಯಾಪಾರವನ್ನು ತಡೆಯುವುದನ್ನು ಕಾನೂನು ಒಪ್ಪುವುದಿಲ್ಲ ಎಂದಳು. ಪಂಕ್ತಿಭೇದ ಎಂಬ ಮಾತು ಬಂದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ನೆಟ್ಟಗೆ ಕೂತದ್ದನ್ನು ನಾನು ನೋಡಿದೆ. ನ್ಯಾಯಾಧೀಶರು ಅವಳನ್ನೂ ಬಿಡಲಿಲ್ಲ.

"ಬಡ ದೇಶ ಅಂದ ಮಾತ್ರಕ್ಕೆ ವಿಷ ಮಾರಬಹುದೇನಮ್ಮ?"

"ಇಲ್ರಿ. ಹೊಣಿ ನಮಗೂ ಅದ. ಹೊಣೆ ಎಲ್ಲರದು, ಹೊರೆ ಹೆಗಲಿಗೆ ತಕ್ಕಷ್ಟು. ಬಣ್ಣ ಬದಲು ಮಾಡಾಕ ನಮಗೂ ಅಷ್ಟೇ ಟೈಮ್ ಕೊಡ್ರಿ, ಹೊಸ ಬಣ್ಣ ಮಾಡೋದು ಹೆಂಗ ಅಂತ ಕಲಸ್ರಿ. ನಾವು ಬದಲಾಗ್ತೀವಿ."

ಪೀಠ ಒಳಗೆ ಹೋಗಿ ಬಹಳ ಹೊತ್ತು ಚರ್ಚಿಸಿತು. ಬಾಗಿಲಿನ ಹಿಂದೆ ಮೇಡಂ ದನಿ ಏರುವುದು ನಮಗೆ ಕೇಳುತ್ತಿತ್ತು. ಹೊರಗೆ ಬಂದು ನಿವೃತ್ತ ನ್ಯಾಯಾಧೀಶರು ತೀರ್ಪು ಓದಿದರು. ಮುನ್ನೆಚ್ಚರಿಕೆ ಸರಿ, ಆಧಾರವುಳ್ಳ ಸಂಶಯದ ಮೇಲೆ ಸಿರಿನಾಡು ಕ್ರಮ ತೆಗೆದುಕೊಳ್ಳಬಹುದು. ಆದರೆ ಆ ಕ್ರಮ ಒಳಗಿನವರಿಗೂ ಹೊರಗಿನವರಿಗೂ ಒಂದೇ ಆಗಿರಬೇಕು. ಈಗಿರುವ ನಿಷೇಧ ಪಂಕ್ತಿಭೇದ, ಆದ್ದರಿಂದ ನಿಲ್ಲದು. ಸಮಯ ಇಬ್ಬರಿಗೂ ಒಂದೇ ಅಳತೆ, ತಂತ್ರಜ್ಞಾನದ ನೆರವು ಸಿರಿನಾಡಿನ ಹೊರೆ. ಅವರು ಅದೇ ಪದಗಳನ್ನು, ನಾವು ಟ್ಯಾಂಕಿನ ಮೇಲೆ ಬರೆದು ಒರೆಸಿದ ಪದಗಳನ್ನು, ಇಡೀ ಜೀವನ ಬಳಸಿಕೊಂಡು ಬಂದವರ ಹಾಗೆ ಓದಿದರು. ಉತ್ತಮ ವಾಗ್ಮಿಯ ಬಹುಮಾನ ಗೆಳತಿಗೆ.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ಮೇಡಂ ಹೇಳಿದ್ದೇ ತಡ, ಓನರ್ ಅಂಕಲ್ ಎದ್ದರು.

"ಸಾರ್, ತೀರ್ಪು ಚೆನ್ನಾಗಿದೆ. ಆದ್ರೆ ಆ ಶ್ರೀಮಂತ ದೇಶದವರು ಕೇಳ್ದೆ ಹೋದ್ರೆ ಯಾವ ಪೊಲೀಸು ಹೋಗ್ತಾರೆ?"

ನ್ಯಾಯಾಧೀಶರು ಬಾಯಿತುಂಬ ನಕ್ಕರು. "ಅದನ್ನೇ ಸ್ವಾಮಿ ಇಡೀ ಪ್ರಪಂಚ ಕೇಳ್ತಾ ಇರೋದು. ಮೇಡಂ, ಇದು ನಿಮ್ಮದು, ನೀವೇ ಹೇಳಿ."

ಮೇಡಂ ಸೀಮೆಸುಣ್ಣ ಹಿಡಿದು ವೇದಿಕೆಯಿಂದ ಇಳಿದೇ ಬಂದರು. ಅಲ್ಲಿ ಪೊಲೀಸರಿಲ್ಲ, ಸೋತ ದೇಶ ಮಾತು ಕೇಳದಿದ್ದರೆ ಗೆದ್ದ ದೇಶ ಅಷ್ಟೇ ಪ್ರಮಾಣದಲ್ಲಿ ಅದರ ಸರಕಿನ ಮೇಲೆ ಸುಂಕ ಏರಿಸಲು ಅನುಮತಿ ಕೇಳಬಹುದು, ಆದರೆ ಬಡ ದೇಶ ಸುಂಕ ಏರಿಸಿದರೆ ಶ್ರೀಮಂತರಿಗೆ ಎಷ್ಟು ತಾಗೀತು ಎಂದರು. ಅಂಕಲ್ ಬಿಡಲಿಲ್ಲ, ಇನ್ನೊಂದು ಕೇಳಿದರು. ಹಿಂದಿನ ಬೆಂಚಿನ ಹುಡುಗ ಮತ್ತೊಂದು ಕೇಳಿದ. ನಾನು ಈ ಮೊದಲು ಒಂದು ಮಾತೂ ಕೇಳಿರದ ದನಿಗಳು ಒಂದರ ಮೇಲೊಂದು ಏಳುತ್ತಿದ್ದವು. ಕಾಫಿ ಆರಿಹೋಗುತ್ತಿದೆ ಎಂದು ಜವಾನರು ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಲೇ ಇದ್ದರು. ಯಾರೂ ಏಳಲಿಲ್ಲ.

ಆ ವರ್ಷದ ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆದವರು ಆ ಪೇಪರನ್ನು ಈ ಪದಗಳಲ್ಲೇ ಬರೆದರು. ಮೌಲ್ಯಮಾಪಕರು ಏನಂದುಕೊಂಡರೋ ತಿಳಿಯದು, ಎಲ್ಲರೂ ಪಾಸಾದರು. ಗೆಳತಿ ತನ್ನ ಜಿಲ್ಲೆಗೆ ಹಿಂತಿರುಗಿ ವಕೀಲಿಕೆ ಹಿಡಿದಳು. ನಾನು ಕೆಲವು ವರ್ಷ ಕೋರ್ಟಿನಲ್ಲಿದ್ದು, ಎರಡು ಸಾವಿರದ ದಶಕದಲ್ಲಿ ಬನಶಂಕರಿಯ ಒಂದು ಕಾಲೇಜಿನಲ್ಲಿ ಮೇಡಂ ಕಲಿಸುತ್ತಿದ್ದ ವಿಷಯವನ್ನೇ ಕಲಿಸಲು ಶುರುಮಾಡಿದೆ. ಎರಡೂ ಭಾಷೆಯಲ್ಲಿ ಕಲಿಸುತ್ತೇನೆ.

ಆದರೆ ಸ್ಪರ್ಧೆ ಮುಗಿದ ಮೇಲಿನ ಸೋಮವಾರದ ಬಗ್ಗೆ ಹೇಳಬೇಕು. ನಾವಿಬ್ಬರೂ ಕ್ಯಾಂಟೀನಿಗೆ ಹೋದಾಗ ಎರಡನೇ ವರ್ಷದವರ ಒಂದು ದೊಡ್ಡ ಗುಂಪು ಎರಡು ಮೇಜುಗಳನ್ನು ಜೋಡಿಸಿಕೊಂಡು ಕೂಗಾಡುತ್ತಿತ್ತು. ನಮ್ಮನ್ನು ಕಂಡದ್ದೇ ಜಾಗ ಬಿಟ್ಟು ನಡುವೆ ಕೂರಿಸಿದರು. ಮುಂದಿನ ವರ್ಷವೂ ಕನ್ನಡದಲ್ಲೇ ವಾದ, ಕೇಸು ಬಾಹ್ಯಾಕಾಶದ್ದಂತೆ.

"ಅಕ್ಕಾ, ನೀವೇ ಹೇಳಿ," ಎಂದಳು ಒಬ್ಬಳು ಏದುಸಿರು ಬಿಡುತ್ತಾ. "ಒಂದು ದೇಶದ ಸ್ಯಾಟಲೈಟ್ ತುಂಡು ಇನ್ನೊಂದು ದೇಶದ ಮನೆ ಮೇಲೆ ಬಿತ್ತು. ಯಾರು ಹೊಣೆ?"

"ಅದಿರ್ಲಿ ಮಗಾ, ಮೊದ್ಲು ಚಂದ್ರ ಯಾರ್ದು ಅಂತ ಇತ್ಯರ್ಥ ಆಗ್ಲಿ," ಎಂದ ಇನ್ನೊಬ್ಬ.

ಗೆಳತಿ ಆಗಲೇ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ವಾದಕ್ಕೆ ತೋಳು ಏರಿಸಿದ್ದಳು.